ಬಾಯಿಪಾಠ, ಪ್ರಾರ್ಥನೆ, ಗಣಿತ: ಅಮೆರಿಕದ ಲೂಥರನ್ ಪ್ರಾಥಮಿಕ ಶಾಲೆಯ ಒಂದು ವಾರ

ಅಮೆರಿಕದ ಲೂಥರನ್ (ಹದಿನಾರನೇ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರನ ಕ್ರೈಸ್ತ ಪಂಥದ) ಪ್ರಾಥಮಿಕ ಶಾಲೆಯೊಂದರಲ್ಲಿ ವಾರ ಹೇಗೆ ಕಳೆಯುತ್ತದೆ ಎಂದು ತಿಳಿಯಲು ಶಾಲೆಗಳ ಜಾಹೀರಾತಿಗಿಂತ ಅಲ್ಲಿನ ಸುಪ್ರೀಂ ಕೋರ್ಟಿನ ಒಂದು ತೀರ್ಪು ಹೆಚ್ಚು ನೆರವಿಗೆ ಬರುತ್ತದೆ. 2012ರ ಜನವರಿಯಲ್ಲಿ ಬಂದ ಆ ತೀರ್ಪು ಮಿಶಿಗನ್ ರಾಜ್ಯದ ರೆಡ್‌ಫರ್ಡ್‌ನಲ್ಲಿದ್ದ ಹೊಸಾನ್ನಾ-ಟೇಬರ್ ಎಂಬ ಸಣ್ಣ ಶಾಲೆಯ ಶಿಕ್ಷಕಿಯೊಬ್ಬರ ಕೆಲಸಕ್ಕೆ ಸಂಬಂಧಪಟ್ಟದ್ದು. ಅವರು ದಿನವಿಡೀ ಏನು ಮಾಡುತ್ತಿದ್ದರು ಎನ್ನುವುದೇ ಮೊಕದ್ದಮೆಯ ತಿರುಳಾಗಿದ್ದರಿಂದ ಕೋರ್ಟು ಎಲ್ಲವನ್ನೂ ಪಟ್ಟಿ ಮಾಡಿತು. ನಾಲ್ಕನೇ ತರಗತಿಗೆ ಗಣಿತ, ಭಾಷೆ, ಸಮಾಜ, ವಿಜ್ಞಾನ, ಚಿತ್ರಕಲೆ, ಸಂಗೀತ, ಆಟ. ವಾರದಲ್ಲಿ ನಾಲ್ಕು ದಿನ ಧರ್ಮಬೋಧೆಯ ಪಾಠ. ದಿನವೂ ಮಕ್ಕಳ ಜೊತೆ ಪ್ರಾರ್ಥನೆ. ವಾರಕ್ಕೊಮ್ಮೆ ಇಡೀ ಶಾಲೆ ಸೇರುವ ಆರಾಧನೆ. ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸಲ ಅದನ್ನು ನಡೆಸಿಕೊಡುವ ಸರದಿ. ಧಾರ್ಮಿಕ ಕೆಲಸವೆಲ್ಲ ಕೂಡಿ ದಿನಕ್ಕೆ 45 ನಿಮಿಷ.

ಹಾಗಾದರೆ ಮಿಕ್ಕ ಹೊತ್ತೆಲ್ಲ ಮಾಮೂಲಿ ಶಾಲೆಯೇ. ಕಾಗುಣಿತದ ಪರೀಕ್ಷೆ, ಭಿನ್ನರಾಶಿ, ಮನೆಗೆಲಸ, ಊಟದ ಡಬ್ಬಿ, ವಾರಕ್ಕೊಮ್ಮೆ ಪೋಷಕರಿಗೆ ಹೋಗುವ ಪತ್ರ. ಆದರೆ ಆ 45 ನಿಮಿಷದಲ್ಲಿ ಮಕ್ಕಳು ಕಲಿಯುವ ಒಂದು ಅಭ್ಯಾಸ ಉಳಿದ ಗಂಟೆಗಳೊಳಗೂ ಇಳಿಯುತ್ತದೆ: ಮೊದಲು ಬಾಯಿಪಾಠ, ಕೂಡಲೇ ‘ಇದರ ಅರ್ಥವೇನು?’ ಎಂಬ ಪ್ರಶ್ನೆ. ಲೂಥರನ್ ಶಾಲೆಯ ಹೆಗ್ಗುರುತು ಯಾವುದು ಎಂದು ಕೇಳಿದರೆ ಶಿಲುಬೆಗಿಂತ ಮೊದಲು ನಾನು ಈ ಜೋಡಿಯನ್ನೇ ತೋರಿಸುತ್ತೇನೆ.

ಈ ಶಾಲೆಗಳನ್ನು ನಡೆಸುವವರು ಯಾರು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಲೂಥರನ್ನರು ಒಂದೇ ಸಂಸ್ಥೆಯಡಿ ಇಲ್ಲ. ದೊಡ್ಡ ಶಾಲಾ ಪರಂಪರೆ ಇರುವುದು ಮಿಸೌರಿ ಸಿನಡ್‌ಗೆ (ಸಿನಡ್ ಎಂದರೆ ಹಲವು ಚರ್ಚುಗಳ ಒಕ್ಕೂಟ). ಅದು 1847ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು. 1850ರಲ್ಲಿ ಶುರುವಾದ ವಿಸ್ಕಾನ್ಸಿನ್ ಸಿನಡ್ ಇನ್ನೊಂದು. 1988ರಲ್ಲಿ ಮೂರು ಚರ್ಚು ಸಂಸ್ಥೆಗಳು ಕೂಡಿ ಆದ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ ವಿಚಾರದಲ್ಲಿ ಹೆಚ್ಚು ಉದಾರವಾದದ್ದು. ಅದರ ಒತ್ತು ಬಹುಮಟ್ಟಿಗೆ ಪುಟಾಣಿಗಳ ಶಾಲೆಗಳ ಮೇಲಿದೆ. ಸಾಮಾನ್ಯವಾಗಿ ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿವರೆಗಿನ ಶಾಲೆ, ಪಕ್ಕದಲ್ಲೇ ಚರ್ಚು. ಹಳ್ಳಿಗಾಡಿನಲ್ಲಿ ಎರಡು ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕೂರುವುದುಂಟು. ನಮ್ಮ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳನ್ನು ಬಲ್ಲವರಿಗೆ ಅಲ್ಲಿನ ದಿನಚರಿ ಬೇಗ ಅರ್ಥವಾಗುತ್ತದೆ: ಒಂದು ಗುಂಪು ಟೀಚರ್ ಮುಂದೆ ಓದುತ್ತಿದ್ದರೆ ಇನ್ನೊಂದು ಗುಂಪು ಲೆಕ್ಕ ಮಾಡುತ್ತಿರುತ್ತದೆ, ದೊಡ್ಡ ಮಗು ಸಣ್ಣದಕ್ಕೆ ಓದಿಸುತ್ತದೆ.

ಬೆಳಗ್ಗೆ ಹಾಜರಿ ಆದಮೇಲೆ ಒಂದು ಚಿಕ್ಕ ಧ್ಯಾನ. ಟೀಚರ್ ಸತ್ಯವೇದದ (ಬೈಬಲ್ಲಿನ) ಒಂದು ಭಾಗ ಓದುತ್ತಾರೆ, ಒಂದು ಹಾಡು, ಆಮೇಲೆ ಪ್ರಾರ್ಥನೆ. ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಮಕ್ಕಳನ್ನೇ ಕೇಳುತ್ತಾರೆ. ಕೈಗಳು ಮೇಲೇಳುತ್ತವೆ: ಅಜ್ಜಿಯ ಮಂಡಿಯ ಆಪರೇಷನ್, ಕಾಣೆಯಾದ ಬೆಕ್ಕು, ಬೇರೆ ಊರಿಗೆ ಕೆಲಸಕ್ಕೆ ಹೋದ ಅಪ್ಪ. ಅಜ್ಜಿಯ ಮಂಡಿಗೂ ಬೆಕ್ಕಿಗೂ ಒಂದೇ ಗಾಂಭೀರ್ಯ. ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದು ದಿನದ ಮೊದಲ ಹತ್ತು ನಿಮಿಷದಲ್ಲೇ ಟೀಚರಿಗೆ ಗೊತ್ತಾಗಿಬಿಡುವುದು ಈ ಪದ್ಧತಿಯ ದೊಡ್ಡ ಲಾಭ ಎಂದು ನನಗನ್ನಿಸುತ್ತದೆ. ಊಟಕ್ಕೆ ಮುಂಚೆ ಮತ್ತೊಂದು ಚಿಕ್ಕ ಪ್ರಾರ್ಥನೆ ಇರುತ್ತದೆ: ಬಾ ಯೇಸುವೇ, ನಮ್ಮ ಅತಿಥಿಯಾಗು, ನೀನು ಕೊಟ್ಟದ್ದನ್ನು ಆಶೀರ್ವದಿಸು ಎಂಬರ್ಥದ ಎರಡು ಸಾಲು. ಜರ್ಮನಿಯಿಂದ ಬಂದ ಈ ಸಾಲುಗಳು ಲೂಥರನ್ ಮನೆಗಳಲ್ಲೂ ಶಾಲೆಗಳಲ್ಲೂ ಒಂದೇ ಥರ ಕೇಳಿಸುತ್ತವೆ.

ಇನ್ನು ‘ಮೆಮರಿ ವರ್ಕ್’. ಸೋಮವಾರ ಹಲಗೆಯ ಮೇಲೆ ಆ ವಾರದ ಬೈಬಲ್ ವಚನ ಬರುತ್ತದೆ. ಕೆಲವು ದಿನ ಬಿಟ್ಟು ಮಕ್ಕಳು ಒಬ್ಬೊಬ್ಬರಾಗಿ ಟೀಚರಿಗೆ ಒಪ್ಪಿಸಬೇಕು. ಚಿಕ್ಕವರಿಗೆ ಒಂದು ವಚನ ಸಾಕು. ಮೂರನೆಯದೋ ನಾಲ್ಕನೆಯದೋ ತರಗತಿಗೆ ಬಂದರೆ ಕೀರ್ತನೆಯ ಸಾಲು, ಹಾಡಿನ ಒಂದು ಚರಣ, ಜೊತೆಗೆ ಮಾರ್ಟಿನ್ ಲೂಥರನ ಸಣ್ಣ ಕ್ಯಾಟೆಕಿಸಂನ (ಪ್ರಶ್ನೋತ್ತರ ರೂಪದ ಧರ್ಮಪಾಠದ) ಒಂದು ತುಂಡು. ಮಗ್ಗಿ ಒಪ್ಪಿಸಿದ ಹಾಗೆಯೇ: ಕೈ ಹಿಂದೆ, ಕಣ್ಣು ಚಾವಣಿಯ ಕಡೆ, ಎಲ್ಲಿ ತಡವರಿಸುತ್ತೇನೋ ಎಂಬ ಆತಂಕ.

ಆ ಕ್ಯಾಟೆಕಿಸಂ 1529ರ ಪುಸ್ತಕ. ಅದಕ್ಕೆ ಹಿಂದಿನ ವರ್ಷ ಜರ್ಮನಿಯ ಸ್ಯಾಕ್ಸನಿಯಲ್ಲಿ ಸಭೆಗಳನ್ನು, ಅಂದರೆ ಊರೂರಿನ ಚರ್ಚುಗಳನ್ನು, ನೋಡಿ ಬಂದ ಲೂಥರ್ ಕಂಗಾಲಾಗಿದ್ದ. ಹಳ್ಳಿಯ ಜನರಿಗಿರಲಿ, ಎಷ್ಟೋ ಪಾದ್ರಿಗಳಿಗೇ ಕಲಿಸುವ ಯೋಗ್ಯತೆ ಇರಲಿಲ್ಲ. ಅವನು ಬರೆದುಕೊಟ್ಟ ಈ ಚಿಕ್ಕ ಪಾಠ ಮೊದಲು ಹೊರಬಂದದ್ದು ಗೋಡೆಗೆ ಅಂಟಿಸುವ ಹಾಳೆಗಳಾಗಿ, ಮನೆಯ ಯಜಮಾನ ಮನೆಮಂದಿಗೆ ಸರಳವಾಗಿ ಕಲಿಸಲಿ ಎಂದು. ಅದರಲ್ಲಿ ಆರು ಭಾಗ: ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪನಿವೇದನೆ, ಕರ್ತನ ಭೋಜನ. ಒಂದೊಂದು ಸಾಲಿನ ಮುಂದೆಯೂ ಇದರ ಅರ್ಥವೇನು ಎಂಬ ಪ್ರಶ್ನೆ, ಅದಕ್ಕೊಂದು ಪುಟ್ಟ ಉತ್ತರ.

ಎಂಟನೇ ಆಜ್ಞೆಯನ್ನೇ ತೆಗೆದುಕೊಳ್ಳಿ. ನಿನ್ನ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ. ಒಂಬತ್ತು ವರ್ಷದ ಮಗುವಿಗೆ ಕೋರ್ಟೂ ಇಲ್ಲ, ಸಾಕ್ಷಿಯೂ ಇಲ್ಲ. ಈ ಮಾತು ತನಗಲ್ಲ ಎಂದು ಅದು ಸುಲಭವಾಗಿ ದಾಟಿಹೋಗಬಹುದು. ಲೂಥರನ ಉತ್ತರ ಅದನ್ನು ಹಿಡಿದು ನಿಲ್ಲಿಸುತ್ತದೆ. ನೆರೆಯವರ ಬಗ್ಗೆ ಸುಳ್ಳಾಡಬಾರದು, ದ್ರೋಹ ಮಾಡಬಾರದು, ಚಾಡಿ ಹೇಳಬಾರದು ಎನ್ನುವಲ್ಲಿಗೆ ಅದು ನಿಲ್ಲುವುದಿಲ್ಲ. ಅವರ ಪರವಾಗಿ ಮಾತಾಡಬೇಕು, ಅವರ ಒಳ್ಳೆಯದನ್ನೇ ಹೇಳಬೇಕು, ಅವರು ಮಾಡಿದ್ದಕ್ಕೆಲ್ಲ ಆದಷ್ಟು ಒಳ್ಳೆಯ ಅರ್ಥವನ್ನೇ ಕಟ್ಟಬೇಕು ಎನ್ನುತ್ತದೆ. ಕೊಲ್ಲಬೇಡ ಎಂಬುದಕ್ಕೂ ಹಾಗೆಯೇ: ನೋಯಿಸದಿದ್ದರೆ ಸಾಲದು, ನೆರೆಯವರ ಕಷ್ಟಕ್ಕೆ ಒದಗಬೇಕು. ಕದಿಯಬೇಡ ಎಂದರೆ ಅವರ ವಸ್ತುವನ್ನು ಕಾಪಾಡಲು, ಅವರ ಬಾಳು ಹಸನಾಗಲು ಕೈಜೋಡಿಸಬೇಕು. ಬೇಡ ಎಂಬ ಮಾತಿನ ಬೆನ್ನಿಗೇ ಮಾಡು ಎಂಬ ಮಾತು. ಉರು ಹೊಡೆಯುವುದನ್ನು ನಾವೆಲ್ಲ ಬಯ್ದುಕೊಂಡೇ ಬೆಳೆದವರು, ಅದಕ್ಕೆ ಕಾರಣವೂ ಇತ್ತು. ಆದರೆ ಬಾಯಿಗೆ ಬಂದ ಮಾತು ಬೇಕಾದಾಗ ಕೈಗೆ ಸಿಗುತ್ತದೆ. ಸಿಕ್ಕಾಗ ಅದರ ಅರ್ಥವೂ ಜೊತೆಯಲ್ಲೇ ಬಂದರೆ ಬಾಯಿಪಾಠ ಸಾರ್ಥಕ. ಈ ಶಾಲೆಗಳ ಒಳ್ಳೆಯ ಟೀಚರುಗಳಿಗೆ ಇದು ಗೊತ್ತು. ಕೆಲವರು ಒಪ್ಪಿಸಿದ್ದಕ್ಕೆ ಅಂಕ ಹಾಕಿ ಮುಂದೆ ಹೋಗುತ್ತಾರೆ, ಅಲ್ಲಿ ಲೂಥರನ ಪ್ರಶ್ನೆ ಸತ್ತುಹೋಗುತ್ತದೆ.

ಶಾಲೆ ಎನ್ನುವುದು ಲೂಥರನಿಗೆ ಬರೀ ಧರ್ಮದ ವಿಷಯವಾಗಿರಲಿಲ್ಲ ಎನ್ನುವುದನ್ನೂ ನೆನೆಯಬೇಕು. 1524ರಲ್ಲಿ ಜರ್ಮನಿಯ ನಗರಸಭೆಗಳಿಗೆ ಬರೆದ ಪತ್ರದಲ್ಲಿ ಅವನ ವಾದ ನೇರವಾಗಿದೆ: ಬಂದೂಕು, ರಸ್ತೆ, ಸೇತುವೆ, ಅಣೆಕಟ್ಟುಗಳಿಗೆ ವರ್ಷವರ್ಷ ಇಷ್ಟು ಸುರಿಯುತ್ತೀರಿ, ಬಡ ಮಕ್ಕಳ ಶಾಲೆಗೆ ಒಂದಿಬ್ಬರು ಮೇಷ್ಟ್ರನ್ನು ಇಡಲು ಯಾಕೆ ಆಗುವುದಿಲ್ಲ? ಹುಡುಗರು ದಿನಕ್ಕೆ ಒಂದೆರಡು ಗಂಟೆ ಶಾಲೆಗೆ ಬರಲಿ, ಉಳಿದ ಹೊತ್ತು ಕಸುಬು ಕಲಿಯಲಿ. ಹುಡುಗಿಯರೂ ಒಂದು ಗಂಟೆ ಬರಲಿ ಎಂದ. ಐನೂರು ವರ್ಷದ ಹಿಂದೆ ಹುಡುಗಿಯರನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಸಣ್ಣ ಮಾತಲ್ಲ. ಈ ಪರಂಪರೆ ನಮ್ಮ ಸುತ್ತಮುತ್ತಲೂ ಬಂದಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ (ಇನ್ನೊಂದು ಪ್ರಾಟೆಸ್ಟೆಂಟ್ ಪಂಥ) ಎರಡೂ ಧಾರೆಗಳಿದ್ದವು, ಅವರು ಕೈಹಾಕಿದ ಮೊದಮೊದಲ ಕೆಲಸಗಳಲ್ಲಿ ಶಾಲೆಯೂ ಒಂದು. ಮಿಸೌರಿ ಸಿನಡ್ಡೇ 1895ರಲ್ಲಿ ಬೆಂಗಳೂರಿಗೆ ಹತ್ತಿರದ ಕೃಷ್ಣಗಿರಿಯಲ್ಲಿ ಕೆಲಸ ಆರಂಭಿಸಿತ್ತು.

ವಾರದ ನಡುವೆ ಒಂದು ದಿನ, ಬಹಳ ಕಡೆ ಬುಧವಾರ, ಚಾಪೆಲ್. ಸಾಲಾಗಿ ಚರ್ಚಿಗೆ ಹೋಗುವಾಗ ಎಂಟನೆಯವರು ಕಿಂಡರ್‌ಗಾರ್ಟನ್‌ನವರ ಕೈಹಿಡಿದು ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಳ್ಳುವ ರೂಢಿ ಹಲವು ಶಾಲೆಗಳಲ್ಲಿದೆ. ಪಾಸ್ಟರ್ ಮಕ್ಕಳಿಗೆ ತಕ್ಕಂತೆ ಚಿಕ್ಕ ಪ್ರಸಂಗ ಮಾಡುತ್ತಾರೆ. ಕಾಣಿಕೆ ಎತ್ತುತ್ತಾರೆ, ಆ ದುಡ್ಡು ಊರಿನ ಆಹಾರ ಭಂಡಾರಕ್ಕೋ ದೂರದ ಮಿಷನ್‌ಗೋ ಹೋಗುತ್ತದೆ, ಎಲ್ಲಿಗೆ ಹೋಯಿತು ಎಂದು ಮಕ್ಕಳಿಗೆ ಹೇಳುತ್ತಾರೆ. ಸಂಗೀತವಂತೂ ಲೂಥರನ್ನರಿಗೆ ಉಸಿರು. ಹಿಂದೆಲ್ಲ ಶಾಲೆಯ ಮೇಷ್ಟ್ರೇ ಭಾನುವಾರ ಚರ್ಚಿನ ಆರ್ಗನ್ ನುಡಿಸಬೇಕಿತ್ತು, ಮಕ್ಕಳ ಗಾಯನವೃಂದವನ್ನೂ ತಯಾರು ಮಾಡಬೇಕಿತ್ತು. ಅಕ್ಟೋಬರ್ 31, ಊರೆಲ್ಲ ಹ್ಯಾಲೋವೀನ್ ವೇಷದಲ್ಲಿರುವ ದಿನ, ಇಲ್ಲಿ ಸುಧಾರಣೆಯ ದಿನ; ಲೂಥರ್ ಚರ್ಚಿನ ಸುಧಾರಣೆಗೆ ನಾಂದಿ ಹಾಡಿದ 1517ರ ನೆನಪಿಗೆ ಅವನೇ ಕಟ್ಟಿದ ಹಾಡನ್ನು ಮಕ್ಕಳು ಹಾಡುತ್ತಾರೆ.

ಶಿಸ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಲೂಥರನ್ ಚಿಂತನೆ ತರಗತಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಇಲ್ಲೇ. ದೇವರ ಮಾತು ಎರಡು ರೀತಿಯಲ್ಲಿ ಬರುತ್ತದೆ ಎಂದು ಲೂಥರನ್ನರು ನಂಬುತ್ತಾರೆ. ಧರ್ಮಶಾಸ್ತ್ರ ನಿನ್ನ ತಪ್ಪನ್ನು ತೋರಿಸುತ್ತದೆ. ಸುವಾರ್ತೆ ಕ್ಷಮೆಯನ್ನು ಕೊಡುತ್ತದೆ. ಇವೆರಡನ್ನು ಕಲಸಿಬಿಡಬಾರದು, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲೂಬಾರದು. ಬಿಡುವಿನ ವೇಳೆಯಲ್ಲಿ ಒಬ್ಬ ಇನ್ನೊಬ್ಬನನ್ನು ನೂಕಿದ, ಮೊಣಕಾಲು ತರಚಿತು ಎನ್ನೋಣ. ಟೀಚರ್ ಇಬ್ಬರನ್ನೂ ಕೂರಿಸಿಕೊಳ್ಳುತ್ತಾರೆ. ಏನು ಮಾಡಿದೆ ಎಂದು ನೂಕಿದವನ ಬಾಯಿಂದಲೇ ಬರಬೇಕು. ಅವನೇ ಮೊದಲು ಬೈದ ಎಂಬ ಸಬೂಬು ನಡೆಯುವುದಿಲ್ಲ. ‘ನಾನು ನಿನ್ನನ್ನು ನೂಕಿದೆ, ತಪ್ಪಾಯಿತು, ಕ್ಷಮಿಸು’ ಎನ್ನಬೇಕು. ನೂಕಿಸಿಕೊಂಡವನು ‘ಪರವಾಗಿಲ್ಲ ಬಿಡು’ ಅಂದರೆ ಟೀಚರ್ ಒಪ್ಪುವುದಿಲ್ಲ, ಯಾಕೆಂದರೆ ಆದದ್ದು ಪರವಾಗಿಲ್ಲ ಎನ್ನುವಂಥದ್ದಲ್ಲ. ‘ನಿನ್ನನ್ನು ಕ್ಷಮಿಸಿದ್ದೇನೆ’ ಎನ್ನುವುದನ್ನು ಕಲಿಸುತ್ತಾರೆ. ಅಷ್ಟಾದರೂ ನೂಕಿದವನಿಗೆ ಆ ದಿನ ಆಟ ಇಲ್ಲ. ಕ್ಷಮೆ ಸಿಕ್ಕಿತು ಎಂದರೆ ಪರಿಣಾಮ ತಪ್ಪಿತು ಎಂದಲ್ಲ. ಆದರೆ ನಾಳೆ ಆ ವಿಷಯ ಎತ್ತುವ ಹಾಗಿಲ್ಲ. ದೊಡ್ಡವರಿಗೇ ಕಷ್ಟವಾದ ಈ ಮಾತನ್ನು ಏಳು ವರ್ಷದ ಮಗು ಎಲ್ಲರೆದುರು ಆಡುವಂತೆ ಬೆಳೆಸುವುದು ನನ್ನ ಮಟ್ಟಿಗೆ ಈ ಶಾಲೆಗಳ ಅತ್ಯಂತ ಬೆಲೆಯುಳ್ಳ ಪಾಠ.

ಎಲ್ಲವೂ ಹೀಗೆ ಮೆಚ್ಚುವಂಥದ್ದೇ ಎಂದೇನಿಲ್ಲ. ಮಿಸೌರಿ ಮತ್ತು ವಿಸ್ಕಾನ್ಸಿನ್ ಸಿನಡ್‌ಗಳು ಬೈಬಲ್ಲಿನ ಆದಿಕಾಂಡದ ಆರು ದಿನಗಳ ಸೃಷ್ಟಿಯನ್ನು ನಡೆದ ಸಂಗತಿಯೆಂದೇ ಬೋಧಿಸುತ್ತವೆ. ವಿಜ್ಞಾನದ ಪಾಠದಲ್ಲಿ ಗಿಡದ ಬೇರು, ನೀರಿನ ಚಕ್ರ, ವಿದ್ಯುತ್ತು ಎಲ್ಲ ಬೇರೆ ಶಾಲೆಗಳಂತೆಯೇ ಇದ್ದರೂ ಜೀವವಿಕಾಸದ ವಿಷಯ ಬಂದಾಗ ದಾರಿ ಕವಲೊಡೆಯುತ್ತದೆ. ವಿಕಾಸವಾದ ಏನು ಹೇಳುತ್ತದೆ ಎಂದು ಎಷ್ಟರಮಟ್ಟಿಗೆ ಕಲಿಸುತ್ತಾರೆ ಎನ್ನುವುದು ಶಾಲೆಯಿಂದ ಶಾಲೆಗೆ ಬೇರೆ. ಮಗುವನ್ನು ಸೇರಿಸುವ ಪೋಷಕರು ಪ್ರಿನ್ಸಿಪಾಲರ ಬಳಿ ನೇರವಾಗಿ ಕೇಳಲೇಬೇಕಾದ ಪ್ರಶ್ನೆ ಇದು. ಜೀವವಿಜ್ಞಾನದ ಅಡಿಪಾಯವನ್ನೇ ಅನುಮಾನದಿಂದ ನೋಡುವಂತೆ ಮಗುವನ್ನು ಬೆಳೆಸುವುದನ್ನು ನಾನು ಒಪ್ಪಲಾರೆ.

ಸರ್ಕಾರಿ ಶಾಲೆ ಉಚಿತವಾಗಿ ಇರುವಾಗ ಈ ಜನ ತಮ್ಮದೇ ಶಾಲೆಗಳಿಗಾಗಿ ಇಷ್ಟು ಪಟ್ಟು ಹಿಡಿದದ್ದೇಕೆ? ಅದರ ಬೇರು ವಲಸೆಯಲ್ಲಿದೆ. 1838ರ ಕೊನೆಗೆ ಸ್ಯಾಕ್ಸನಿಯ ಕೆಲವು ನೂರು ಲೂಥರನ್ನರು ತಮ್ಮ ನಂಬಿಕೆಯನ್ನು ಸಡಿಲಗೊಳಿಸಲು ಒಪ್ಪದೆ ಐದು ಹಡಗುಗಳಲ್ಲಿ ಹೊರಟರು. ಅವುಗಳಲ್ಲಿ ಅಮಾಲಿಯಾ ಎಂಬುದು ದಡ ಸೇರಲೇ ಇಲ್ಲ. ಬದುಕಿ ಬಂದವರು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲೂ ಪೆರಿ ಕೌಂಟಿಯಲ್ಲೂ ನೆಲೆಸಿದರು. ಪೆರಿ ಕೌಂಟಿಯ ಆಲ್ಟೆನ್‌ಬರ್ಗ್‌ನಲ್ಲಿ 1839ರಲ್ಲೇ ಮರದ ದಿಮ್ಮಿಗಳ ಗುಡಿಸಲಲ್ಲಿ ಶಾಲೆ ಶುರುವಾಯಿತು. ಆ ಗುಡಿಸಲು ಇವತ್ತಿಗೂ ಇದೆ. ಮನೆಗಳಿನ್ನೂ ಸರಿಯಾಗಿ ಎದ್ದಿರಲಿಲ್ಲ, ಶಾಲೆ ಎದ್ದಿತ್ತು.

ಆ ಶಾಲೆಗಳ ಭಾಷೆ ಜರ್ಮನ್. 1889ರಲ್ಲಿ ವಿಸ್ಕಾನ್ಸಿನ್ ರಾಜ್ಯ ಇಂಗ್ಲಿಷನ್ನು ಕಡ್ಡಾಯ ಮಾಡುವ ಬೆನೆಟ್ ಕಾನೂನು ತಂದಾಗ ಲೂಥರನ್ನರೂ ಕ್ಯಾಥೋಲಿಕರೂ ಅಪರೂಪಕ್ಕೆ ಒಟ್ಟಾಗಿ ತಿರುಗಿಬಿದ್ದರು. ಮರುವರ್ಷದ ಚುನಾವಣೆಯಲ್ಲಿ ಗವರ್ನರ್ ಸೋತ, 1891ರಲ್ಲಿ ಕಾನೂನೂ ಹೋಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಗಾಳಿ ತಿರುಗಿತು. ಜರ್ಮನ್ ಮಾತಾಡುವವನೇ ಶತ್ರು ಎಂಬಂತಾಯಿತು. 1919ರಲ್ಲಿ ನೆಬ್ರಾಸ್ಕ ರಾಜ್ಯ, ಎಂಟನೇ ತರಗತಿ ದಾಟುವವರೆಗೆ ಯಾವ ಮಗುವಿಗೂ ಯಾವ ಶಾಲೆಯಲ್ಲೂ ವಿದೇಶಿ ಭಾಷೆ ಕಲಿಸಕೂಡದು ಎಂದು ಕಾನೂನು ಮಾಡಿತು.

ಹ್ಯಾಂಪ್ಟನ್ ಎಂಬ ಹಳ್ಳಿಯ ಝಯನ್ ಲೂಥರನ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರಿದ್ದರು. ಕಾನೂನಿಗೆ ಅಡ್ಡಬಾರದಿರಲಿ ಎಂದು ಅಲ್ಲಿ ಮಧ್ಯಾಹ್ನದ ಬಿಡುವನ್ನು ಅರ್ಧ ಗಂಟೆ ಹಿಗ್ಗಿಸಿ, ಆ ಬಿಡುವಿನಲ್ಲಿ ಜರ್ಮನ್ ಓದಿಸುತ್ತಿದ್ದರು. ಮಕ್ಕಳು ಅಪ್ಪ-ಅಮ್ಮಂದಿರ ಪ್ರಾರ್ಥನೆಯನ್ನೂ ಅಜ್ಜಿಯ ಹಾಡನ್ನೂ ಅರ್ಥಮಾಡಿಕೊಳ್ಳಬೇಕಲ್ಲ ಎಂಬುದು ಅವರ ನ್ಯಾಯ. 1920ರ ಮೇ 25ರಂದು ಹತ್ತು ವರ್ಷದ ಹುಡುಗನೊಬ್ಬ ಜರ್ಮನ್ನಿನಲ್ಲಿ ಬೈಬಲ್ ಕಥೆ ಓದುತ್ತಿದ್ದಾಗ ಸರ್ಕಾರಿ ವಕೀಲರು ಬಂದರು. ಆ ಕ್ಷಣದಲ್ಲಿ ಇಂಗ್ಲಿಷಿಗೆ ಹೊರಳಿದ್ದರೆ ಮೇಯರ್ ಪಾರಾಗಬಹುದಿತ್ತು. ಅವರು ಹೊರಳಲಿಲ್ಲ. 25 ಡಾಲರ್ ದಂಡ ಬಿತ್ತು. ರಾಜ್ಯದ ಕೋರ್ಟೂ ದಂಡವನ್ನು ಎತ್ತಿಹಿಡಿಯಿತು. ಮೊಕದ್ದಮೆ ದೇಶದ ಸುಪ್ರೀಂ ಕೋರ್ಟಿಗೆ ಹೋಗಿ, 1923ರ ಜೂನ್ 4ರಂದು ಏಳು ನ್ಯಾಯಾಧೀಶರು ಮೇಯರ್ ಪರ, ಇಬ್ಬರು ವಿರುದ್ಧ ನಿಂತರು. ಕಲಿಸುವ ಹಕ್ಕು ಮೇಷ್ಟ್ರದ್ದು, ತಮ್ಮ ಮಗುವಿಗೆ ಕಲಿಸಲು ಅವರನ್ನು ನೇಮಿಸಿಕೊಳ್ಳುವ ಹಕ್ಕು ತಂದೆತಾಯಿಯದು. ಸಂವಿಧಾನ ಎರಡನ್ನೂ ಕಾಯುತ್ತದೆ ಎಂದಾಯಿತು. ಅಮೆರಿಕದಲ್ಲಿ ಪೋಷಕರ ಹಕ್ಕಿನ ಮಾತು ಬಂದಾಗಲೆಲ್ಲ ಇವತ್ತಿಗೂ ಈ ತೀರ್ಪಿಗೇ ಹೋಗುತ್ತಾರೆ. ಶಾಲೆಯ ಭಾಷೆಯ ಜಗಳವನ್ನು ದಶಕಗಟ್ಟಲೆ ಕಂಡಿರುವ ಕನ್ನಡಿಗರು ಓದಿ ತಿಳಿಯಬೇಕಾದ ಮೊಕದ್ದಮೆ.

ಮೇಯರ್ ಅವರಂಥ ಮೇಷ್ಟ್ರನ್ನು ಸಭೆ ಬರೀ ನೌಕರ ಎಂದು ನೋಡುವುದಿಲ್ಲ. ಮಿಸೌರಿ ಸಿನಡ್‌ನಲ್ಲಿ ‘ಕರೆ ಪಡೆದ’ ಶಿಕ್ಷಕರು ಎಂಬ ವರ್ಗವಿದೆ: ದೇವರು ಸಭೆಯ ಮೂಲಕ ಕರೆದಿದ್ದಾನೆ ಎಂಬ ನಂಬಿಕೆ. ಹೊಸಾನ್ನಾ-ಟೇಬರ್‌ನ ಶಿಕ್ಷಕಿ ಇದಕ್ಕಾಗಿ ಕಾಲೇಜು ಮಟ್ಟದ ಎಂಟು ಕೋರ್ಸು ಮುಗಿಸಿ, ಮೌಖಿಕ ಪರೀಕ್ಷೆ ಪಾಸಾಗಬೇಕಾಯಿತು; ಒಟ್ಟು ಆರು ವರ್ಷ ಹಿಡಿಯಿತು. ಹೀಗೆ ಬಂದವರನ್ನು ತಕ್ಕ ಕಾರಣವಿಲ್ಲದೆ, ಸಭೆಯ ಬಹುದೊಡ್ಡ ಬಹುಮತವಿಲ್ಲದೆ ತೆಗೆಯುವ ಹಾಗಿರಲಿಲ್ಲ. ಗೌರವದ ಸ್ಥಾನವೇ ಸರಿ. ಆದರೆ ಅದೇ ಗೌರವ ಅವರಿಗೆ ಮುಳುವಾಯಿತು. ಕಾಯಿಲೆ ಬಿದ್ದು ರಜೆ ಹಾಕಿ ಮರಳಿದಾಗ ತಕರಾರಾಗಿ, ಕಾನೂನಿನ ಮೊರೆ ಹೋಗುತ್ತೇನೆ ಎಂದದ್ದಕ್ಕೆ ಕೆಲಸ ಹೋಯಿತು. ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದ್ದೇನೆಂದರೆ, ಇವರು ಧರ್ಮಸೇವಕಿ, ತನ್ನ ಸೇವಕರು ಯಾರಾಗಿರಬೇಕು ಎನ್ನುವುದು ಚರ್ಚಿಗೆ ಬಿಟ್ಟದ್ದು, ಉದ್ಯೋಗದ ತಾರತಮ್ಯ ಕಾನೂನು ಇಲ್ಲಿ ಬರುವುದಿಲ್ಲ. ಚರ್ಚಿನ ಸ್ವಾತಂತ್ರ್ಯಕ್ಕೆ ಗೆಲುವು. ದಿನಕ್ಕೆ 45 ನಿಮಿಷದ ಆ ಕೆಲಸಕ್ಕಾಗಿ ಉಳಿದ ಗಂಟೆಗಳ ರಕ್ಷಣೆಯನ್ನೂ ಶಿಕ್ಷಕಿ ಕಳೆದುಕೊಳ್ಳಬೇಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಇವತ್ತು ಈ ಬೆಂಚುಗಳಲ್ಲಿ ಕೂತವರೆಲ್ಲ ಜರ್ಮನ್ ಮೂಲದ ಲೂಥರನ್ ಮಕ್ಕಳಲ್ಲ. ಬೇರೆ ಸಭೆಯವರು, ಬೇರೆ ಧರ್ಮದವರು, ಯಾವ ಧರ್ಮವೂ ಇಲ್ಲದ ಮನೆಯವರು ಇದ್ದಾರೆ. ಸಭೆಯ ಸದಸ್ಯರಿಗೆ ಶುಲ್ಕ ಕಡಿಮೆ, ಹೊರಗಿನವರಿಗೆ ಹೆಚ್ಚು ಎನ್ನುವುದು ಸಾಮಾನ್ಯ ಕ್ರಮ. ಕೊರತೆಯನ್ನು ಸಭೆಯ ಕಾಣಿಕೆ ತುಂಬುತ್ತದೆ. ಮಿಲ್ವಾಕಿ ನಗರದಲ್ಲಿ 1990ರಲ್ಲಿ ಶುರುವಾದ ವೋಚರ್ ಯೋಜನೆಗೆ 1998ರಿಂದ ಧಾರ್ಮಿಕ ಶಾಲೆಗಳೂ ಸೇರಿದವು. ಕಡಿಮೆ ಆದಾಯದ ಮನೆಯ ಮಕ್ಕಳ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ಅದಕ್ಕೊಂದು ಷರತ್ತಿದೆ: ಪೋಷಕರು ಬರೆದುಕೊಟ್ಟರೆ ಆ ಮಗುವನ್ನು ಧಾರ್ಮಿಕ ಚಟುವಟಿಕೆಗೆ ಬಲವಂತ ಮಾಡಕೂಡದು. ಸರ್ಕಾರದ ನೆರವು ಪಡೆದ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಧರ್ಮಬೋಧೆ ಸಲ್ಲದು ಎಂಬ ನಮ್ಮ ಸಂವಿಧಾನದ 28(3)ನೇ ವಿಧಿಯನ್ನು ಬಲ್ಲವರಿಗೆ ಇದು ಹೊಸತೇನಲ್ಲ. ವೋಚರ್ ಇಲ್ಲದೆ ಸ್ವಂತ ದುಡ್ಡಿನಲ್ಲಿ ಸೇರಿಸಿದರೆ ಧರ್ಮಪಾಠ, ಚಾಪೆಲ್, ಮೆಮರಿ ವರ್ಕ್ ಎಲ್ಲರಿಗೂ ಇದ್ದೇ ಇರುತ್ತದೆ ಎಂದುಕೊಂಡೇ ಹೋಗಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಅಪ್ಪ-ಅಮ್ಮಂದಿರು ಚಿಕ್ಕ ತರಗತಿ, ಹತ್ತಿರದ ಶಾಲೆ ಎಂದು ಇತ್ತ ನೋಡುವುದಾದರೆ, ನಾಲ್ಕನೇ ತರಗತಿಯ ಮಗು ಸಂಜೆ ಮನೆಗೆ ಬಂದು ಹತ್ತು ಆಜ್ಞೆ ಒಪ್ಪಿಸುತ್ತದೆ ಎಂಬುದಕ್ಕೆ ಮನಸ್ಸು ಮಾಡಿಕೊಂಡಿರುವುದು ಒಳ್ಳೆಯದು. ಮನೆಯಲ್ಲಿ ಕಲಿತ ಶ್ಲೋಕವನ್ನೂ ವಚನವನ್ನೂ ಅದರ ಪಕ್ಕದಲ್ಲಿಟ್ಟು ಮಗು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಮನೆಯವರದೇ.

ಎಂಟನೇ ತರಗತಿಯ ಹೊತ್ತಿಗೆ ಕ್ಯಾಟೆಕಿಸಂನ ಆರೂ ಭಾಗ ಮುಗಿದಿರುತ್ತವೆ. ಪಾಸ್ಟರೇ ಬಂದು ಪಾಠ ಮಾಡುತ್ತಾರೆ, ಕೆಲವು ಕಡೆ ಸಭೆಯ ಮುಂದೆ ಮಕ್ಕಳನ್ನು ಬಹಿರಂಗವಾಗಿ ಪ್ರಶ್ನಿಸುವುದೂ ಇದೆ. ಆಮೇಲೆ ಲೂಥರನ್ ಮನೆಯ ಮಕ್ಕಳಿಗೆ ದೃಢೀಕರಣ: ಹಸುಗೂಸಾಗಿದ್ದಾಗ ತಮ್ಮ ಪರವಾಗಿ ದೊಡ್ಡವರು ಹೇಳಿದ ನಂಬಿಕೆಯ ಮಾತನ್ನು ಈಗ ತಾವೇ ಎದ್ದುನಿಂತು ಹೇಳುವುದು. ಒಂದೇ ಬೆಂಚಿನಲ್ಲಿ ಕೂತು ಅದೇ ಪಾಠ ಕಲಿತ ಬೇರೆ ಸಭೆಯ, ಬೇರೆ ಧರ್ಮದ ಸಹಪಾಠಿಗಳು ಆ ದಿನ ಬಂದರೂ ಪೀಠದ ಬಳಿಗೆ ಹೋಗುವುದಿಲ್ಲ. ಬೇಸಿಗೆ ಕಳೆದ ಮೇಲೆ ಲೂಥರನ್ ಹೈಸ್ಕೂಲು ಹತ್ತಿರ ಇಲ್ಲದ ಊರುಗಳಲ್ಲಿ ಇಬ್ಬರೂ ಸೇರುವುದು ಅದೇ ಸರ್ಕಾರಿ ಹೈಸ್ಕೂಲಿಗೆ.